ಕಾಂಪೌಂಡಿನ ಮೇಲಿನ ಲೋಟ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆಯಲ್ಲಿ ಹೈಸ್ಕೂಲ್ ಟೀಚರ್. ಕಾನ್ವೆಂಟಿನಲ್ಲಿ ಓದಿದವಳೆಂದು ಎಲೊಕ್ಯೂಷನ್ ಎಂದರೆ ಎಲ್ಲರೂ ನನ್ನತ್ತ ಕೈ ತೋರಿಸುತ್ತಿದ್ದರು. ಆ ವರ್ಷ ಮೊಳಕಾಲ್ಮೂರಿನಲ್ಲಿ ಭಾಷಣ ಸ್ಪರ್ಧೆ. ವಿಷಯ, ಸಂವಿಧಾನ ಮತ್ತು ಪೌರತ್ವ. ಹತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಆರಿಸಿದೆ. ಅವಳಪ್ಪ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುತ್ತಿದ್ದ.

"ಫಸ್ಟ್ ಬಂದ್ರೆ ಕಾಲೇಜಿಗೆ ಹಾಕ್ತೀನಿ ಅಂದಾನೆ ಮಿಸ್ ನಮ್ಮಪ್ಪ. ಇಲ್ಲಾಂದ್ರೆ ಮಾವನ ಮಗ ರೆಡಿ ಅದಾನೆ" ಎಂದು ನಕ್ಕಿದ್ದಳು. ನಗು ತುಟಿಯಲ್ಲಷ್ಟೇ ಇತ್ತು.

ಭಾನುವಾರ ನಮ್ಮ ಮನೆ ವರಾಂಡದಲ್ಲಿ ಪ್ರಾಕ್ಟೀಸ್. "ಚಿನ್ ಅಪ್! ದಾವಣಿ ಸೆರಗು ತಿರುವಬೇಡ" ಎಂದು ನಾನು ರೇಗುತ್ತಿದ್ದೆ. ಹೊಸ್ತಿಲಲ್ಲಿ ಕೂತ ನಮ್ಮತ್ತೆ ಕೆಣಕುತ್ತಿದ್ದರು: "ಏನೇ, ಭಾಷಣ ಮಾಡಿ ಎಮ್ಮೆಲ್ಲೆ ಆಗ್ತೀಯಾ?"

"ಆದ್ರೆ ಮೊದ್ಲು ನಿಮ್ಮ ಬೀದಿಗೇ ಲೈಟು ಹಾಕಿಸ್ತೀನಿ ಬಿಡ್ರಿ ಅಜ್ಜಿ."

ಅತ್ತೆಯೂ ನಗುತ್ತಿದ್ದರು. ನಾನು ಮಜ್ಜಿಗೆ ಕೊಡುತ್ತಿದ್ದೆ. ಕುಡಿದು, ಲೋಟವನ್ನು ಅಂಗಳದ ನಲ್ಲಿಯಲ್ಲಿ ತಾನೇ ತೊಳೆದು, ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದಳು. ಮುಂದಿನ ವಾರವೂ ಅದೇ ಲೋಟ. ಹಾಗೆ ಮಾಡೆಂದು ನಾನು ಹೇಳಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ.

ಅವಳೇ ಬರೆದ ಭಾಷಣದ ನಡುವೆ ಅವರ ಹಳ್ಳಿಯ ಟೀ ಹೋಟೆಲ್ ಇತ್ತು. "ಓಟು ಹಾಕುವಾಗ ನನ್ನಪ್ಪ ಎಲ್ಲರ ಸಾಲಿನಲ್ಲಿ ನಿಲ್ಲುತ್ತಾನೆ. ಟೀ ಕುಡಿಯುವಾಗ ಮಾತ್ರ ಹೊರಗೆ, ಬೇರೆ ಲೋಟದಲ್ಲಿ." ಅದಕ್ಕೆ ನಾನು ಕೆಂಪು ಗೆರೆ ಎಳೆದೆ.

"ಟೂ ಪರ್ಸನಲ್ ಕಣೇ. ಜಡ್ಜಸ್‌ಗೆ ಬೇಜಾರಾಗತ್ತೆ."

"ನಿಜ ಐತಲ್ಲ ಮಿಸ್?"

"ನಿಜ. ಆದ್ರೆ ಸ್ಟೇಜಿಗಲ್ಲ."

ಆ ಜಾಗಕ್ಕೆ ನನ್ನದೇ ವಾಕ್ಯ ಬಂತು: ಭ್ರಾತೃತ್ವವೆಂದರೆ ನಾವೆಲ್ಲ ಒಂದೇ ಮನೆಯವರಂತೆ ಬಾಳುವುದು. ಅವಳು ಬಾಯಿಪಾಠ ಮಾಡಿದಳು.

ಸ್ಪರ್ಧೆಯ ದಿನ ಚೆನ್ನಾಗಿಯೇ ಶುರು ಮಾಡಿದಳು. ಸಭೆ ಸುಮ್ಮನೆ ಕೇಳುತ್ತಿತ್ತು. ಸರಿಯಾಗಿ ಆ ವಾಕ್ಯಕ್ಕೆ ಬಂದು ನಿಂತಳು. ಮೊದಲ ಸಾಲಿನಿಂದ ನಾನು ತುಟಿಯಾಡಿಸಿ "ಭ್ರಾತೃತ್ವ" ಎಂದೆ. ಅವಳು ನನ್ನನ್ನೇ ನೋಡುತ್ತಾ ನಿಂತಿದ್ದಳು. ಗಂಟೆ ಹೊಡೆಯಿತು. ಕೈ ಮುಗಿದು ಇಳಿದು ಬಂದಳು.

ವಾಪಸು ಬಸ್ಸಿನಲ್ಲಿ ಕೇಳಿದೆ, "ಮರೆತುಹೋಯ್ತಾ?"

"ಇಲ್ಲ ಮಿಸ್, ಬಾಯಿಗೆ ಬಂದಿತ್ತು." ಕಿಟಕಿಯ ಕಡೆ ತಿರುಗಿದಳು. "ನಿಮ್ಮನ್ನ ನೋಡ್ತಾ ಅದನ್ನ ಹೇಳೋಕೆ ಆಗ್ಲಿಲ್ಲ."

ಸ್ಟೇಜ್ ಫಿಯರ್ ಎಂದುಕೊಂಡೆ. ಅವಳ ಭುಜವನ್ನೂ ತಟ್ಟಿದೆ, ಪೂರ್ ಥಿಂಗ್ ಎಂದು.

ಸ್ಪರ್ಧೆ ಮುಗಿದರೂ ಮನೆಗೆ ಬರುತ್ತಿರು ಎಂದಿದ್ದೆ. ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಒಂದು ಸಂಜೆ ಗಾಳಿ ಎದ್ದಾಗ ಅತ್ತೆ ಕೂಗಿದರು, "ಆ ಹುಡುಗಿ ಲೋಟ ಬೀಳ್ತೈತೆ, ಎತ್ತಿಡವ್ವ."

ಎತ್ತಿಕೊಂಡೆ. ಒಳಗೆ ಹೆಜ್ಜೆ ಇಡುವಷ್ಟರಲ್ಲಿ ಅವರೇ ಹೇಳಿದರು, "ಒಳಗೆಲ್ಲಿ ತರ್ತೀಯಾ? ಅಲ್ಲೇ ನಲ್ಲಿ ಹತ್ರ ಇಡು."

ಅಂಗಳದಲ್ಲೇ ನಿಂತೆ. ನಾನು ಕೆಂಪು ಗೆರೆ ಎಳೆದಿದ್ದ ಲೋಟ ಹಳ್ಳಿಯ ಹೋಟೆಲಿನದೊಂದೇ ಆಗಿರಲಿಲ್ಲ.

ಅದನ್ನು ಒಳಗೆ ಒಯ್ದು ನಮ್ಮ ಲೋಟಗಳ ಜೊತೆ ಇಟ್ಟೆ. ಅತ್ತೆ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಅದರಿಂದ ಆ ಹುಡುಗಿಗೇನು ಬಂತು? ಪರೀಕ್ಷೆ ಮುಗಿಯುವ ಮೊದಲೇ ಮಾವನ ಮಗನ ಜೊತೆ ನಿಶ್ಚಯವಾಗಿತ್ತು. ಲಗ್ನಪತ್ರಿಕೆ ಕೊಡಲು ನಮ್ಮ ಮನೆಗೆ ಬಂದಳು. ಒಳಗೆ ಬಾರೇ ಎಂದು ಎಷ್ಟು ಕರೆದರೂ ಬರಲಿಲ್ಲ. "ಬಸ್ಸಿಗೆ ಹೊತ್ತಾತು, ಬರ್ತೀನಿ ಮಿಸ್" ಎಂದು ಗೇಟಿನಲ್ಲೇ ಪತ್ರಿಕೆ ಕೊಟ್ಟು ಹೋದಳು. ಅವಳಿಗೆಂದು ತಂದ ಮಜ್ಜಿಗೆ ನನ್ನ ಕೈಯಲ್ಲೇ ಇತ್ತು.