ಅಂಗಡಿಯಲ್ಲಿ ನೀರು ಕುಡಿದದ್ದು

ಕುಂಭಾರಿಯಿಂದ ಬಸ್ಸು ಹಿಡಿದು ಸೊಲ್ಲಾಪುರದ ಸೀರೆ ಅಂಗಡಿಗೆ ದಿನಾ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿ ನಾವು ಮೂವರು ಹೆಣ್ಣುಮಕ್ಕಳು. ಗಂಡಸರು ಹಿಂದಿನ ಓಣಿಯ ಗೋಡೆಗೆ ಹೋಗಿ ಬರುತ್ತಿದ್ದರು; ನಮಗೆ ಸಂಡಾಸ ಇರಲಿಲ್ಲ. ಮೇಲಿನ ಮಹಡಿಯ ಮಾಲಕರ ಮನೆಗೆ ಹೋಗುವ ರೂಢಿಯಿಲ್ಲ. ಹೀಗಾಗಿ ಮುಂಜಾನೆ ಅರ್ಧ ಕಪ್ ಚಹಾ ಕುಡಿದರೆ ಮುಗಿಯಿತು, ಸಂಜೆ ಮನೆ ಮುಟ್ಟುವತನಕ ನೀರಿಲ್ಲ.

ಒಂದು ಬೇಸಿಗೆ ಬೆನ್ನಿನ ಬಲಬದಿ ಹಿಡಿದುಕೊಂಡಿತು. ಮೂತ್ರಕ್ಕೆ ಹೋದರೆ ಉರಿ, ಮೈ ನಡುಗುವಂಥ ಜ್ವರ. ದವಾಖಾನೆಗೆ ಹೋದೆ.

"ದಿನಾ ಎಷ್ಟು ನೀರು ಕುಡೀತೀರಿ?" ಎಂದು ಡಾಕ್ಟರಬಾಯಿ ಕೇಳಿದರು.

"ಬೇಕಾದಷ್ಟು ಕುಡೀತೀನ್ರಿ."

ತಪಾಸಣೆಗೆ ಕೊಟ್ಟ ಮೂತ್ರ ಕಡು ಹಳದಿಯಾಗಿತ್ತು. "ಇದು ಹಂಗ ಹೇಳವಲ್ದಲ್ಲ," ಎಂದು ಅವರು ಚೀಟಿಯ ಹಿಂದೆ ಚಿತ್ರ ತೆಗೆದರು. ಪಕ್ಕೆಲುಬಿನ ಕೆಳಗೆ ಎರಡು ಮೂತ್ರಪಿಂಡ, ಒಂದೊಂದೂ ಮುಷ್ಟಿಯಷ್ಟು. "ಮೈಯಾಗಿನ ರಕ್ತ ದಿನಕ್ಕ ಎಷ್ಟೋ ಸಲ ಇವುಗಳೊಳಗ ಹಾದು ಸೋಸಿಕೊಂಡು ಬರ್ತದ. ಮೈಗೆ ಬ್ಯಾಡಾದ ಹೊಲಸು, ಹೆಚ್ಚಾದ ಉಪ್ಪು ನೀರಿನ್ಯಾಗ ಕರಗಿ, ಈ ಎರಡು ನಳಿಗಿಯಿಂದ ಕೆಳಗಿನ ಚೀಲಕ್ಕ ಇಳೀತಾವ. ನೀವು ನೀರ ಕೊಡಲಿಲ್ಲಂದ್ರ ಅವು ಹೊಲಸು ಹೆಂಗ ಹೊರಗ ಹಾಕ್ಬೇಕು? ಚೀಲ ತುಂಬಿದ್ರೂ ತಡಕೊಂಡು ಕುಂತ್ರ ಅಲ್ಲಿ ಕ್ರಿಮಿ ಬೆಳೀತಾವ. ನಿಮಗ ಮ್ಯಾಲೇರಿ ಮೂತ್ರಪಿಂಡಕ್ಕ ಮುಟ್ಟ್ಯಾವ."

ಆಗ ಖರೆ ಹೇಳಿದೆ. ಅವರು ಚೀಟಿ ತಿರುಗಿಸಿ ಬರೆಯುತ್ತ, "ಔಷಧ ನಾ ಕೊಡ್ತೀನಿ. ಸಂಡಾಸ ನೀವ ಕೇಳ್ಬೇಕು," ಎಂದರು.

ಗುಣವಾಗಿ ಹೋದ ದಿನವೇ ಕೇಳಿದೆ. "ಇಷ್ಟು ವರ್ಷ ನಡದದ, ಈಗೇನಾತು? ಜಾಗಾ ಎಲ್ಲೈತಿ ಬಾಯಿ?" ಎಂದರು ಮಾಲಕರು.

ನಾನು ವಾದ ಹಾಕಲಿಲ್ಲ. ಮರುದಿನ ದೊಡ್ಡದೊಂದು ನೀರಿನ ಬಾಟಲಿ ತಂದು ಕೌಂಟರಿನ ಮೇಲಿಟ್ಟೆ. ಎರಡು ತಾಸಿಗೊಮ್ಮೆ ಗಿರಾಕಿಗಳ ಎದುರಿಗೇ ಗಟ್ಟಿಯಾಗಿ, "ಮಾಲಕ್ರ, ಮೂತ್ರಕ್ಕ ಹೋಗಿ ಬರ್ತೀನ್ರಿ," ಎಂದು ಹೇಳಿ ಬಸ್ ಸ್ಟ್ಯಾಂಡಿನ ಸಂಡಾಸಕ್ಕೆ ನಡೆದೆ. ಹೋಗಿ ಬರಲು ಅರ್ಧ ತಾಸು. ಮೊದಲ ಸಲ ನಾಚಿಕೆಗೆ ಕಿವಿ ಬಿಸಿಯಾಗಿದ್ದವು. ಮೂರನೆಯ ದಿನ ಉಳಿದಿಬ್ಬರೂ ಬಾಟಲಿ ತಂದರು. ಅಕ್ಕಲಕೋಟದಿಂದ ಮದುವೆ ಜವಳಿಗೆ ಬಂದವರು ಬಿಚ್ಚಿದ ಸೀರೆಗಳ ಮುಂದೆ ಕಾಯುತ್ತ ಕೂತರು.

"ಮಂದಿ ಮುಂದ ಹಿಂಗ ಮಾತಾಡೂದು ಶೋಭಸ್ತದೇನು?" ಎಂದು ಮಾಲಕರು ಸಿಟ್ಟಾದರು.

"ಶೋಭಾ ನೋಡಕೋತ ಕುಂತೇ ಬ್ಯಾನಿ ಬಿದ್ದೀನ್ರಿ."

ದಿನಾ ಅಂಗಡಿಯ ಗಾದಿಯ ಮೇಲೆ ಕೂರುತ್ತಿದ್ದ ಅವರ ತಾಯಿ ಇದನ್ನೆಲ್ಲ ಕೇಳುತ್ತಿದ್ದರು. "ಹಿಂದಿನ ಖೋಲಿ ಖಾಲಿ ಮಾಡ್ಸು," ಎಂದರು ಮಗನಿಗೆ.

"ಅವ್ವಾ, ನೀ ಸುಮ್ಮಿರು."

"ಮೊಣಕಾಲು ನೋವಿಗೆ ಹಗಲಾಗ ಸಲ ಸಲ ಮ್ಯಾಲ ಏರೂದಾಗವಲ್ದು. ನಾನೂ ಎರಡು ವರ್ಷಾತು, ಅಂಗಡ್ಯಾಗ ನೀರು ಕುಡಿಯೂದು ಬಿಟ್ಟೀನಿ. ಯಾರಿಗೆ ಹೇಳ್ಲಿ?"

ಮಾಲಕರು ಹೋಗಿ ಹಿಂದಿನ ಖೋಲಿಯ ಬಾಗಿಲು ತೆಗೆದು ನೋಡಿದರು.

ತಿಂಗಳೊಪ್ಪತ್ತಿನಲ್ಲಿ ಖೋಲಿಯ ಖಾಲಿ ಡಬ್ಬಿಗಳು ಹೋಗಿ, ನಳ, ನೆಲಕ್ಕೆ ಫರಸಿಕಲ್ಲು, ಒಳಗಿನಿಂದ ಚಿಲಕ ಬಂದವು. ಮೊದಲು ಒಳಗೆ ಹೋದವರು ಆ ತಾಯಿ. ಕೆಲವೇ ದಿನಗಳಲ್ಲಿ ಗಂಡಸರೂ ಓಣಿ ಬಿಟ್ಟು ಅಲ್ಲಿಗೇ ಬರತೊಡಗಿದರು. ನಾನು ತೊಳೆಯುವ ಪಾಳಿಯ ಚೀಟಿಯಲ್ಲಿ ಅವರ ಹೆಸರುಗಳನ್ನೂ ಬರೆದು ಬಾಗಿಲಿಗೆ ಅಂಟಿಸಿದೆ. ಮಾಲಕರು ಓದಿದರು, ತಕರಾರು ಮಾಡಲಿಲ್ಲ.