ಹಿಡಿಯಬೇಕಿದ್ದ ಕಾಲು

ಕಳೆದ ತಿಂಗಳು ರಾಣೆಬೆನ್ನೂರಿನಲ್ಲಿ ಒಬ್ಬರ ಮನೆ ಸಾಮಾನು ಹೇರುತ್ತಿದ್ದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಮುಗಿದರೆ ನನ್ನ ಟೆಂಪೋಗೆ ಇಂಥ ಬಾಡಿಗೆಗಳೇ. ಕಪಾಟು, ಮಂಚ, ದೇವರ ಮಂಟಪ ಎಲ್ಲ ಏರಿಸಿ ಕಡೆಗೆ ಒಂದು ಹಳೆಯ ಗಾದಿ ಎಳೆದೆ. ಮೊಳೆಗೆ ಸಿಕ್ಕಿ ಅದರ ಮಗ್ಗುಲು ಪರ್ರನೆ ಹರಿದು ಒಳಗಿನ ಹತ್ತಿ ಹೊರಗೆ ಬಂತು. ವರ್ಷಗಟ್ಟಲೆ ಮೈಯ ಕೆಳಗೆ ಬಿದ್ದ ಹತ್ತಿಗೆ ಒಂದು ವಾಸನೆ ಇರುತ್ತದೆ. ಬಿಸಿಲಿಗೆ ಹಾಕಿದ ಕಂಬಳಿಯದು ಸ್ವಲ್ಪ, ಧೂಳಿನದು ಸ್ವಲ್ಪ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯದು ಸ್ವಲ್ಪ… ಹಗ್ಗ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ.

“ಧೂಳ ಬಡೀತೇನ್ರಿ ಅಣ್ಣಾರ?” ಎಂದು ಮನೆಯಾಕೆ ಕೇಳಿದರು. ಹೌದೆಂದೆ. ಧೂಳಲ್ಲ, ನಮ್ಮ ಉಸ್ತಾದರು ನೆನಪಾಗಿದ್ದರು.

ಉಸ್ತಾದರು ಬ್ಯಾಡಗಿಯಲ್ಲಿ ಗಾದಿ, ತಲೆದಿಂಬು ಹೊಲಿಯುತ್ತಿದ್ದರು. ಹತ್ತಿ ಹಿಂಜುವ ಪಿಂಜಾರರ ಮನೆತನ. ಹಗಲೆಲ್ಲ ಹತ್ತಿಯಲ್ಲಿ ಮುಳುಗಿದ ಮನುಷ್ಯ ಸಂಜೆ ಅಂಗಡಿ ಮುಚ್ಚಿ ನಮ್ಮ ಕಬಡ್ಡಿ ಮೈದಾನಕ್ಕೆ ಬರುವಾಗ ಹುಬ್ಬಿಗೆ, ಮೀಸೆಗೆ ಬಿಳಿ ಎಳೆಗಳು ಹತ್ತಿಕೊಂಡಿರುತ್ತಿದ್ದವು. ಅಂಗಿ ಕಳಚಿ, ಬಗ್ಗಿ ಚಿಟಿಕೆ ಮಣ್ಣು ಎತ್ತಿ ಅಂಗೈಗೆ ತಿಕ್ಕಿಕೊಂಡು ನಡುಗೆರೆ ದಾಟಿದರೆಂದರೆ… ಆಮೇಲಿನದನ್ನು ಬರೆಯಲು ನನಗೆ ಶಬ್ದ ಸಾಲುವುದಿಲ್ಲ. ಆ ಮೈಯೊಳಗೆ ಎಲುಬು ಇವೆಯೋ ಇಲ್ಲವೋ ಎನಿಸುತ್ತಿತ್ತು. ಹಿಡಿದವರ ಕೈಯಲ್ಲಿ ಅವರ ಬೆವರಷ್ಟೇ ಉಳಿಯುತ್ತಿತ್ತು, ಉಸ್ತಾದರು ಗೆರೆಯ ಈಚೆಗೆ ಬಂದು ನಿಂತಿರುತ್ತಿದ್ದರು.

ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊತ್ತೆ, ಇವತ್ತು ಸ್ವಂತ ಗಾಡಿ ಓಡಿಸುತ್ತೇನೆ, ಯಾರ ಹಂಗಿನಲ್ಲೂ ಇಲ್ಲ. ಚೀಲ ಹೊತ್ತ ಹೆಗಲು ನೋಡಿಯೇ ಕ್ಲಬ್ಬಿನವರು ನನ್ನನ್ನು ಎಡ ಮೂಲೆಗೆ ನಿಲ್ಲಿಸಿದ್ದರು. ದಾಳಿ ಮಾಡಲು ಬಂದವನ ಹಿಮ್ಮಡಿಗೆ ಕೈ ಹಾಕಿ ಕೆಡಹುವುದು ಮೂಲೆಯವನ ಕೆಲಸ. ‘ಕಾಲು ಹಿಡಿಯುವುದು’ ಎನ್ನುತ್ತಿದ್ದೆವು. ನಾನು ಹಿಡಿಯುತ್ತಿದ್ದುದು ಬರೀ ತೋಳಿನ ಬಲದಿಂದ. ಸಿಕ್ಕರೆ ಸಿಕ್ಕಿತು, ತಪ್ಪಿದರೆ ಔಟಾಗಿ ಹೊರಗೆ ಕೂರುತ್ತಿದ್ದೆ. ತಪ್ಪುವುದೇ ಹೆಚ್ಚು. ಆದರೂ ಯಾರಿಗೂ ಅದರ ಚಿಂತೆ ಇರಲಿಲ್ಲ. ಉಸ್ತಾದರು ಹೋಗಿ ಎದುರಿನವರನ್ನು ಮುಟ್ಟಿ ಬಂದರಾಯಿತು, ಎಷ್ಟು ಜನರನ್ನು ಮುಟ್ಟಿದರೋ ಅಷ್ಟು ಜನ ನಾವು ಎದ್ದು ಮತ್ತೆ ಒಳಗೆ ಹೋಗುತ್ತಿದ್ದೆವು.

ಒಮ್ಮೆ ರಾಣೆಬೆನ್ನೂರಿನ ಪಂದ್ಯದಲ್ಲಿ ನಾವು ಆರು ಜನವೂ ಔಟಾಗಿ ಸಾಲಾಗಿ ಕೂತಿದ್ದೆವು. ಒಳಗೆ ಉಸ್ತಾದರೊಬ್ಬರೇ. ಎದುರಿಗೆ ಏಳು ಜನ, ಆಟ ಇನ್ನೇನು ಮುಗಿಯಿತು ಎನ್ನುವ ಹೊತ್ತು. ಅವರು ಅವಸರ ಮಾಡಲಿಲ್ಲ. ಎದುರಿನವರ ಅಂಕಣಕ್ಕೆ ಹೋಗಿ, ಒಂದು ಸುತ್ತು ಹಾಕಿ, ತಾವೇ ಬೇಕೆಂದು ಒಬ್ಬನ ಕೈಗೆ ಸಿಕ್ಕಂತೆ ಮಾಡಿದರು. ಅವನು ಸೊಂಟ ಹಿಡಿದ ಕೂಡಲೇ ಇನ್ನೂ ಮೂವರು ಮೇಲೆ ಬಿದ್ದರು. ನಾಲ್ಕು ಜನರನ್ನು ಮೈಮೇಲೆ ಹೊತ್ತುಕೊಂಡೇ, ಉಸಿರು ಬಿಡದೆ ‘ಕಬಡ್ಡಿ ಕಬಡ್ಡಿ’ ಎನ್ನುತ್ತ, ಗೇಣು ಗೇಣಾಗಿ ಆ ಮಣ್ಣಿನಲ್ಲಿ ತೆವಳುತ್ತ ಬಂದರು. ಬೆರಳ ತುದಿ ನಡುಗೆರೆಗೆ ತಾಗಿತು. ಜನ ಎದ್ದು ನುಗ್ಗಿದ ರಭಸಕ್ಕೆ ಶಾಮಿಯಾನದ ಗೂಟವೇ ಕಿತ್ತು ಬಂತು. ನಾನು ನಿಜವಾಗಿಯೂ ಅತ್ತೆ. ಚೀಲ ಹೊರುವವನ ಕಣ್ಣಲ್ಲಿ ಅಷ್ಟು ಸುಲಭಕ್ಕೆ ನೀರು ಬರುವುದಿಲ್ಲ.

ಮರುದಿನ ಸಂಜೆ ಮೈದಾನದಲ್ಲಿ ಪೇಢೆ ಹಂಚುತ್ತಿದ್ದೆವು. ಉಸ್ತಾದರು ಪೇಢೆ ಮುಟ್ಟಲಿಲ್ಲ.

“ಗೆದ್ದಿದ್ದು ಇರಲಿ,” ಎಂದರು. “ಆರು ಮಂದಿ ಯಾಕ ಔಟಾದ್ರಿ, ಅದನ್ನ ಹೇಳ್ರಿ ಮೊದಲ.”

“ನೀವು ಎಬ್ಬಸ್ತೀರಿ ಅಂತ ಧೈರ್ಯಾರೀ ಉಸ್ತಾದ್!” ಎಂದೆ ನಾನು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅವರೂ ನಕ್ಕರು. ಆದರೆ ನನ್ನ ತಲೆಗೆ ಒಂದು ಮೊಟಕಿ, “ನಗ್ರಿ ಮಕ್ಕಳ್ರಾ. ನನ್ನ ಮಣಕಾಲು ಹ್ವಾದ ದಿನಾ ನಿಮ್ಮನ್ನ ಯಾರ ಎಬ್ಬಸ್ತಾರೋ ನೋಡೂಣು,” ಎಂದರು.

ಮೊಣಕಾಲು ಹೋಗಲು ಬಹಳ ದಿನ ಹಿಡಿಯಲಿಲ್ಲ. ಒಂದು ಸಂಜೆ ನಮ್ಮದೇ ಮೈದಾನದಲ್ಲಿ, ಆಟದ ನಡುವೆ ಕಾಲು ತಿರುಚಿ ಕೂತವರು ಮತ್ತೆ ಆಡಲಿಲ್ಲ. ಆಮೇಲೆ ನಾವು ಹೋದಲ್ಲೆಲ್ಲ ಸೋತೆವು. ಅಷ್ಟರಲ್ಲಿ ಹಾವೇರಿ, ರಾಣೆಬೆನ್ನೂರು ಎಲ್ಲ ಕಡೆ ಮಣ್ಣಿನ ಅಂಕಣ ಹೋಗಿ ಮ್ಯಾಟ್ ಬಂದಿತ್ತು. ಬರಿಗಾಲು ಹೋಗಿ ಬೂಟು ಬಂದಿತ್ತು. ಮಣ್ಣಿನಲ್ಲಿ ಜಾರಿ ಬಿದ್ದು ಕಲಿತ ನಮಗೆ ಮ್ಯಾಟಿನ ಮೇಲೆ ಕಾಲು ಹೇಗೆ ಇಡಬೇಕೆಂದೇ ತಿಳಿಯುತ್ತಿರಲಿಲ್ಲ. ಆದರೆ ಸೋತು ಬರುವಾಗ ದಾರಿಯುದ್ದಕ್ಕೂ ನಮ್ಮದು ಒಂದೇ ಮಾತು: “ಉಸ್ತಾದ್ ಇದ್ದಿದ್ರ ತೋರಿಸ್ತಿದ್ದರು.” ಹಾಗೆ ಅಂದ ಮೇಲೆ ಬೇರೆ ಏನೂ ಯೋಚಿಸುವುದು ಉಳಿಯುತ್ತಿರಲಿಲ್ಲ. ಹೊಸದಾಗಿ ಸೇರಿದವರೂ ಉಸ್ತಾದರ ಹಾಗೆ ಚಿಟಿಕೆ ಮಣ್ಣು ತಿಕ್ಕಿಕೊಂಡು ದಾಳಿಗೆ ಹೋಗಬೇಕೆನ್ನುವವರೇ. ಮೂಲೆಗೆ ನಿಲ್ಲಲು ಒಬ್ಬನೂ ತಯಾರಿರಲಿಲ್ಲ.

ಒಂದು ದಿನ ಉಸ್ತಾದರು ನನ್ನನ್ನು ಅಂಗಡಿಗೆ ಕರೆದರು. ನಾನು ಆಗಷ್ಟೇ ಹಳೆಯ ಟೆಂಪೋ ಒಂದನ್ನು ಕೊಂಡಿದ್ದೆ. ಅಂಗಡಿಯ ಮುಂದೆ ಗಟ್ಟಿ ಗಾದಿಗಳನ್ನು ಪೇರಿಸಿದ್ದರು. ಹಳೆಯ ನಾರಿನ ಗಾದಿಗಳನ್ನು ಬಿಚ್ಚಿ, ಹಲಗೆಯ ಹಾಗೆ ಒತ್ತಿ ಒತ್ತಿ ಹೊಲಿದು, ಮೇಲೆ ತಾಡಪತ್ರಿ ಹೊದಿಸಿದ್ದರು. ಒಂದಕ್ಕೊಂದು ಕಟ್ಟಲು ಅಂಚಿಗೆ ಲಾಡಿ ಹಚ್ಚಿದ್ದರು. ಕಾಲು ಚಾಚಿ ಕೂತು ಮೂರು ತಿಂಗಳು ಹೊಲಿದಿದ್ದರಂತೆ. ಅವನ್ನೆಲ್ಲ ಹೇರಿಕೊಂಡು ಮೈದಾನಕ್ಕೆ ಬಂದೆವು.

ನಮ್ಮ ಕ್ಲಬ್ಬಿನ ಅಧ್ಯಕ್ಷರು ಮೆಣಸಿನಕಾಯಿ ದಲಾಲರು, ಒಳ್ಳೆಯ ಮನುಷ್ಯರೇ. ಗಾಡಿ ನೋಡಿ ನಕ್ಕರು. “ಇದೇನ್ರಿ ಉಸ್ತಾದ್, ಮದವಿ ಮನಿಗೆ ಹೊಲದದ್ದು ಇಲ್ಲಿಗೆ ಬಂತಲ್ಲ?”

“ಮದವಿಗಲ್ಲ ಸಾವಕಾರ್ರ, ನಮ್ಮ ಮಂದಿ ಮಣಕಾಲಿಗೆ. ಎಲ್ಲಾ ಕಡೆ ಮ್ಯಾಟ್ ಬಂದೈತಿ. ಮಣ್ಣಾಗ ಕಾಲು ಜಾರತೈತಿ, ಅಲ್ಲಿ ಗಪ್ಪಂತ ಹಿಡೀತೈತಿ. ಆರು ತಿಂಗಳ ಇದರ ಮ್ಯಾಲೆ ಬೀಳೂದು ಕಲೀಲಿ. ಮೂಲಿಯವರಿಗೆ ನಾ ಕೂತ ಹೇಳಿಕೊಡ್ತೇನಿ.”

“ಗಾದಿ ಮ್ಯಾಲೆ ಕೆಡವಿದ್ರ ಎದುರಿನಾಂವ ಏಳೂದಿಲ್ಲ ಬಿಡ್ರಿ, ಅಲ್ಲೇ ಗೊರಕಿ ಹೊಡೀತಾನ!” ಎಂದು ಹಿಂದಿನಿಂದ ಯಾರೋ ಕೂಗಿದರು.

ನಗು ನಿಂತ ಮೇಲೆ ನಾನು ಗಂಭೀರವಾಗಿಯೇ ಹೇಳಿದೆ: “ಉಸ್ತಾದ್, ನಿಮ್ಮ ಪಾದ ಊರಿದ ಮಣ್ಣರೀ ಇದು. ಇದನ್ನ ಮುಚ್ಚಾಕ ನಮಗ ಮನಸ್ಸು ಬರೂದಿಲ್ಲ.”

ಎಲ್ಲರೂ ಹೌದು ಹೌದೆಂದರು. ನನ್ನ ಮಾತು ನನಗೇ ಬಹಳ ಚಲೋ ಅನಿಸಿತು. ಉಸ್ತಾದರು ನನ್ನನ್ನೇ ನೋಡಿದರು. “ನನ್ನ ಕಾಲು ಹೋಗಿದ್ದೂ ಇದ ಮಣ್ಣಾಗನ, ತಮ್ಮಾ,” ಎಂದರು. ಗಾದಿಗಳನ್ನು ಕ್ಲಬ್ಬಿನ ಖೋಲಿಯಲ್ಲಿ ಇಟ್ಟೆವು.

ಅವು ಹೊರಗೆ ಬಂದದ್ದು ಉಸ್ತಾದರ ಸನ್ಮಾನದ ದಿನ. ಆಡುವುದು ಕಡಿಮೆಯಾದಂತೆ ನಮಗೆ ಅವರನ್ನು ಹೊಗಳುವ ಹುರುಪು ಹೆಚ್ಚಿತ್ತು. ವೇದಿಕೆಗೆ ಅತಿಥಿಗಳು ಕೂರಲು ಏನು ಹಾಸೋಣ ಎಂಬ ಮಾತು ಬಂದಾಗ, “ಹ್ಯಾಂಗೂ ಗಾದಿ ಅದಾವಲ್ಲ,” ಎಂದವನು ನಾನೇ. ಮೇಲೆ ಬಿಳಿ ಬಟ್ಟೆ ಹಾಸಿ, ಲೋಡು ಇಟ್ಟೆವು. ಉಸ್ತಾದರನ್ನು ನಡುವೆ ಕೂರಿಸಿ ಕುತ್ತಿಗೆ ಮುಚ್ಚುವಷ್ಟು ಹಾರ ಹಾಕಿದೆವು. ಬಟ್ಟೆಯ ಕೆಳಗಿನಿಂದ ಒಂದು ಲಾಡಿ ಹೊರಗೆ ಜೋತು ಬಿದ್ದಿತ್ತು. ಭಾಷಣಗಳು ನಡೆಯುವಾಗ ಅವರು ಅದನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು.

ಕಡೆಗೆ ಅವರ ಸರದಿ ಬಂತು. “ಇಷ್ಟು ಪ್ರೀತಿ ತೋರಿಸಿದ್ರಿ, ಶುಕ್ರಿಯಾ. ನಾಳೆ ಮುಂಜಾನೆ ಈ ಗಾದಿ ಕೆಳಗ ಇಳಸ್ತೇನಿ. ಕಾಲು ಹಿಡಿಯೂದು ಕಲಿಯೂ ಮಂದಿ ಬರ್ರಿ,” ಎಂದರು. ಅಷ್ಟೇ. ಎಂಥ ದೊಡ್ಡ ಮನುಷ್ಯ, ಎಷ್ಟು ಸರಳ ಮಾತು ಎಂದು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಕೈ ಉರಿಯುವ ತನಕ ಹೊಡೆದೆ.

ಮರುದಿನ ಏಳರ ಸುಮಾರಿಗೆ ಮಾರ್ಕೆಟ್ಟಿಗೆ ಹೊರಟಿದ್ದೆ. ಮೈದಾನದಲ್ಲಿ ಗಾದಿಗಳನ್ನು ಹಾಸಿಯಾಗಿತ್ತು. ಒಬ್ಬರೇ ಅವನ್ನು ಹೇಗೆ ಇಳಿಸಿದರೋ… ಕೆಟ್ಟ ಕಾಲನ್ನು ಚಾಚಿ ಕೂತು ಕಡೆಯ ಲಾಡಿ ಕಟ್ಟುತ್ತಿದ್ದರು. ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ಗಾಡಿ ನಿಲ್ಲಿಸಿ ಹತ್ತಿರ ಹೋದೆ.

“ಉಸ್ತಾದ್, ನಿನ್ನೆ ಕಾರ್ಯಕ್ರಮ ಭಾರೀ ಆತ್ರಿ!”

“ಹೂಂ, ಆತು,” ಎಂದು ಗಾದಿ ಹಿಡಿದು ಮೆಲ್ಲಗೆ ಎದ್ದರು. ಚಲೋ ಇದ್ದ ಕಾಲನ್ನು ಒಂದು ಹೆಜ್ಜೆ ಮುಂದಿಟ್ಟರು. “ಬಾ, ಕಾಲು ಹಿಡಿ.”

ಆ ಮುಂಜಾನೆಯ ಬಿಸಿಲಿನಲ್ಲಿ, ಹುಬ್ಬಿಗೆ ಎಳೆ ಹತ್ತಿದ ಆ ಮುಖ ನೋಡಿ ನನಗೆ ಏನಾಯಿತೋ. ಬಗ್ಗಿ, ಎರಡೂ ಕೈಯಿಂದ ಅವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

ಉಸ್ತಾದರು ಕಾಲು ಸರಕ್ಕನೆ ಹಿಂದೆ ಎಳೆದುಕೊಂಡರು. “ತೋಬಾ ತೋಬಾ! ಮುಗಿಯಾಕ ಅಲ್ಲಲೇ, ಹಿಡಿಯಾಕ ಹೇಳಿದೆ. ಹಿಮ್ಮಡಿ ಹಿಡಿ. ನನ್ನ ಕೆಡವು.”

“ನಿಮ್ಮನ್ನ ಕೆಡವೂ ಕೈ ನನ್ನವಲ್ರಿ ಉಸ್ತಾದ್. ಗಾಡಿಗೆ ಹೊತ್ತಾತು, ಬರತೇನಿ,” ಎಂದೆ.

ಗಾಡಿ ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದೆ. ಅವರು ಹಾಗೇ, ಒಂದು ಕಾಲು ಮುಂದಿಟ್ಟು ನಿಂತಿದ್ದರು. ನನಗೆ ಎದೆ ಉಬ್ಬಿತ್ತು. ಇಂಥವರ ಪಾದ ಮುಟ್ಟಿ ಬಂದೆನಲ್ಲ ಎಂದು ಅವತ್ತು ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಹೇಳಿದೆ.

ಆಮೇಲೆ ಅವರು ಮೈದಾನಕ್ಕೆ ಬರುವುದು ಕಡಿಮೆಯಾಯಿತು. ಆಡುವವರಲ್ಲಿ ಚಲೋ ಇದ್ದವರು ಒಬ್ಬೊಬ್ಬರಾಗಿ ರಾಣೆಬೆನ್ನೂರಿನ ತಂಡಗಳಿಗೆ ಹೋದರು. ಅವರನ್ನು ನಾವು ನಿಯತ್ತಿಲ್ಲದವರು ಎಂದು ಬೈದೆವು. ಮ್ಯಾಟಿಲ್ಲ, ಕಲಿಸುವವರಿಲ್ಲ, ಉಸ್ತಾದರ ಕಥೆ ಕೇಳಿಕೊಂಡು ಎಷ್ಟು ದಿನ ಇದ್ದಾರು ಎಂದು ಯಾರೂ ಕೇಳಿಕೊಳ್ಳಲಿಲ್ಲ. ಪಂದ್ಯಕ್ಕೆ ಏಳು ಜನ ಕೂಡದ ದಿನ ಕ್ಲಬ್ಬು ನಿಂತಿತು. ನಿಂತಿತು ಎಂದು ಯಾರೂ ಹೇಳಲಿಲ್ಲ, ಅಷ್ಟೇ.

ಉಸ್ತಾದರು ತೀರಿಕೊಂಡಾಗ ಊರಿಗೆ ಊರೇ ಬಂದಿತ್ತು. ಮಣ್ಣು ಕೊಟ್ಟು ಹೊರಗೆ ಬರುವಾಗ ಅಧ್ಯಕ್ಷರು ಕಣ್ಣೊರಸಿಕೊಂಡು, “ಅವರ ಜೋಡಿ ಕ್ಲಬ್ಬೂ ಹೋತು ನೋಡಪಾ,” ಎಂದರು. ನಾನು ಹೂಂಗುಟ್ಟಿದೆ. ಎಷ್ಟೋ ವರ್ಷ ನಾನೂ ಅದನ್ನೇ ಹೇಳುತ್ತ ಬಂದೆ. ಹಾಗೆ ಹೇಳುವುದು ಹಗುರ. ಹೋದದ್ದೆಲ್ಲ ಹೋದವರ ಹೆಗಲಿಗೇ ಹಾಕಿ ಕೈ ಜಾಡಿಸಿಕೊಂಡ ಹಾಗೆ… ಉಸ್ತಾದರು ಇದ್ದಾಗಲೇ ನಾವು ಆರು ಜನ ಹೊರಗೆ ಕೂತಿದ್ದೆವು. ಅವರ ಆಟದ ಬೆರಗಿನಲ್ಲಿ ಅದು ಯಾರಿಗೂ ಕಾಣಲಿಲ್ಲ, ಅವರೊಬ್ಬರಿಗೆ ಬಿಟ್ಟು.

ಆ ಗಾದಿ ಹರಿದ ದಿನ ಸಾಮಾನು ಇಳಿಸಿ ಹಿಂದಿರುಗುವಾಗ, ರಾಣೆಬೆನ್ನೂರಿನಲ್ಲೇ ಒಂದು ಕಡೆ ಕಬಡ್ಡಿ ನಡೆದಿತ್ತು. ಗಾಡಿ ಬದಿಗೆ ಹಾಕಿ ನಿಂತೆ. ನೀಲಿ ಮ್ಯಾಟು, ಬೂಟು. ಎಡ ಮೂಲೆಯವನು ತೆಳ್ಳಗಿನ ಹುಡುಗ, ನನ್ನ ಅರ್ಧ ಮೈಯೂ ಇಲ್ಲ. ದಾಳಿಗೆ ಬಂದವನು ತಿರುಗುವುದನ್ನೇ ಕಾದು, ಸದ್ದಿಲ್ಲದೆ ಬಗ್ಗಿ ಹಿಮ್ಮಡಿ ಹಿಡಿದ. ಬಂದವನು ಕಡಿದ ಬಾಳೆಗಿಡದ ಹಾಗೆ ಬಿದ್ದ. ಬಲವೇ ಬೇಕಾಗಲಿಲ್ಲ. ಕಾಯುವುದಷ್ಟೇ ಬೇಕಿತ್ತು. ಅದು ಇಷ್ಟೇ ಎಂದು ನನಗೆ ಗೊತ್ತಾದದ್ದು ಆವತ್ತು.

ಪಕ್ಕದಲ್ಲಿದ್ದವನೊಬ್ಬ ನನ್ನ ಗಾಡಿಯ ಮೇಲಿನ ಊರ ಹೆಸರು ಓದಿ, “ಬ್ಯಾಡಗಿಯವರೇನ್ರಿ ಅಣ್ಣಾ? ನಿಮ್ಮೂರಾಗ ಉಸ್ತಾದ್ ಅಂತ ಇದ್ದರಂತಲ್ಲ, ನಮ್ಮಪ್ಪ ಭಾಳ ಹೇಳತಿರ್ತಾನ,” ಎಂದ.

“ಅವರ ಜೋಡಿ ಆಡೇನಿ,” ಎಂದೆ.

“ಹೌದಾ! ನಸೀಬ ಮಾಡಿದ್ರಿ ಬಿಡ್ರಿ. ಹಂಗಾರ ಅವರ ಕಡೆಯಿಂದ ಭಾಳ ಕಲ್ತಿರಬೇಕು?”

ನಾಲ್ಕು ಜನರನ್ನು ಹೊತ್ತು ತಂದ ಕಥೆ ನಾಲಿಗೆಯ ತುದಿಗೇ ಬಂದಿತ್ತು. ಎಷ್ಟೋ ಸಲ ಹೇಳಿದ ಕಥೆ, ಹೇಳಿದಾಗಲೆಲ್ಲ ಜನ ಬಾಯಿ ತೆರೆದು ಕೇಳಿದ ಕಥೆ. ಯಾಕೋ ಹೊರಗೆ ಬರಲಿಲ್ಲ.

“ಇಲ್ಲಪಾ,” ಎಂದೆ. “ಕಲಸ್ತೇನಿ ಬಾ ಅಂದಿದ್ರು. ನಾ ಕಾಲು ಮುಗದು ಬಂದೆ.”

ಆತ ನನ್ನ ವಿನಯ ಮೆಚ್ಚಿ ಕೈಮುಗಿದ.