ಇನ್ನೂರ ನಲವತ್ತು ಚಾಪೆ, ಒಂದು ಹೊಟ್ಟೆಕಿಚ್ಚು

ಬೆಳಗಿನ ಐದು ಗಂಟೆ. ಸಭಾಂಗಣದಲ್ಲಿ ಉರಿಯುತ್ತಿರುವುದು ಒಂದೇ ದೀಪ. ರವಿಕೆಯ ತೋಳನ್ನು ಮೇಲಕ್ಕೆ ಮಡಚಿಕೊಂಡ ಹೆಂಗಸೊಬ್ಬರು ಎರಡು ಕಂಕುಳಲ್ಲೂ ಚಾಪೆಯ ಸುರುಳಿಗಳನ್ನು ಅವುಚಿಕೊಂಡು ಬರುತ್ತಾರೆ. ಒಂದನ್ನು ನೆಲಕ್ಕಿಟ್ಟು, ಅಂಚನ್ನು ಹಿಮ್ಮಡಿಯಲ್ಲಿ ಅದುಮಿ, ಇನ್ನೊಂದು ಪಾದದಿಂದ ಸಣ್ಣದೊಂದು ಒದೆ ಕೊಡುತ್ತಾರೆ. ಚಾಪೆ ಸರಸರನೆ ಉರುಳಿ ಬಿಚ್ಚಿಕೊಂಡು, ಪಕ್ಕದ್ದಕ್ಕೆ ಸರಿಯಾಗಿ ಒಂದು ಮೊಳ ದೂರದಲ್ಲಿ ನಿಲ್ಲುತ್ತದೆ.

"ಬಗ್ಗಿ ಬಗ್ಗಿ ಹಾಸಿದ್ರೆ ಇಪ್ಪತ್ತಕ್ಕೇ ಸೊಂಟ ಕೈಕೊಡುತ್ತೆ. ಒದ್ರೇ ಸರಿಹೋಗೋದು. ಕೆಲವು ಮನುಷ್ಯರೂ ಹಾಗೇ ಅಲ್ವಾ?" ಎಂದು ನಗುತ್ತಾರೆ.

ಎಲ್ಲರ ಬಾಯಲ್ಲೂ ಇವರು ಚಾಪೆಯಮ್ಮ. ಲೋಕಕ್ಕೆ ಶಾಂತಿ ಕೋರಿ ಇಲ್ಲಿ ಪ್ರತಿ ಭಾನುವಾರ ಸಾಮೂಹಿಕ ಯೋಗ ನಡೆಯುತ್ತದೆ. ಶುಲ್ಕವಿಲ್ಲ. ಬರುವವರು ಒಂದು ಸೋಪನ್ನೋ ಟವೆಲನ್ನೋ ತಂದು ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಬೇಕು. ಆಸ್ಪತ್ರೆಯಲ್ಲಿ ನೋಡಲು ಯಾರೂ ಬಾರದ ರೋಗಿಗಳಿಗೆ ಅದು ಹೋಗುತ್ತದೆ. ಹನ್ನೆರಡು ಸಾಲು, ಸಾಲಿಗೆ ಇಪ್ಪತ್ತು ಚಾಪೆ. ಹಾಸಲು ಒಂದು ಗಂಟೆ, ಒರೆಸಿ ಸುತ್ತಿಡಲು ಎರಡು ಗಂಟೆ. ಹನ್ನೊಂದು ವರ್ಷದಲ್ಲಿ ಚಾಪೆಯಮ್ಮ ತಪ್ಪಿಸಿದ್ದು ಮೂರೇ ಭಾನುವಾರ. ಆದರೆ ಒಂದು ದಿನವೂ ಚಾಪೆಯ ಮೇಲೆ ಕೂತವರಲ್ಲ. ಬಾಗಿಲು, ಪೆಟ್ಟಿಗೆ, ಬಂದವರ ಚಪ್ಪಲಿ ಎಲ್ಲವನ್ನೂ ಕಾಯಬೇಕಲ್ಲ.

ಯಾರ ಚಾಪೆ ಎಲ್ಲಿ ಎಂಬುದು ಅವರದೇ ತೀರ್ಮಾನ. ಮಂಡಿನೋವಿನವರು ಗೋಡೆಯ ಪಕ್ಕ. ಜಗಳವಾಡಿಕೊಂಡ ಗಂಡ ಹೆಂಡಿರ ನಡುವೆ ಒಬ್ಬ ಸಾಧು ಸ್ವಭಾವದವರು. "ಪವನಮುಕ್ತಾಸನದಲ್ಲಿ ಧಾರಾಳವಾಗಿರೋರು ಕಿಟಕಿ ಕೆಳಗೆ. ಅವ್ರಿಗೂ ಗೊತ್ತು, ನನಗೂ ಗೊತ್ತು, ಮಾತಾಡಲ್ಲ ಅಷ್ಟೇ." ಶವಾಸನಕ್ಕೆ ಮಲಗಿದ ಕೂಡಲೇ ಗೊರಕೆ ಹೊಡೆಯುವ ಮುದುಕರೊಬ್ಬರಿದ್ದಾರೆ; ಅಡ್ಡಹೆಸರು ಇಂಜಿನ್ ತಾತ. ಅವರು ಕಟ್ಟಕಡೆಯ ಮೂಲೆ. ಪಕ್ಕದ ಚಾಪೆ ಸದಾ ಖಾಲಿ.

ಇಷ್ಟೆಲ್ಲದರ ನಡುವೆ ಚಾಪೆಯಮ್ಮನಿಗೆಂದು ಒಂದು ಹೆಮ್ಮೆಯ ಕೆಲಸವಿತ್ತು. ಕೊನೆಯ ಹತ್ತು ನಿಮಿಷದ ಶವಾಸನದ ಮೌನಕ್ಕೆ ಮುನ್ನ ವೇದಿಕೆ ಹತ್ತಿ ಕಂಚಿನ ಗಂಟೆ ಬಾರಿಸುವುದು. ಅದು ಕೈತಪ್ಪುವ ಕಾಲ ಬಂದದ್ದು ಈ ವರ್ಷ, ಅದೂ ಓರಗಿತ್ತಿಯ ದೆಸೆಯಿಂದ.

ಒಂದೇ ಅಡುಗೆಮನೆಯಲ್ಲಿ ಹದಿನಾರು ವರ್ಷದಿಂದ ಇರುವವರು ಇವರಿಬ್ಬರು. ಎಂಟು ತಿಂಗಳ ಹಿಂದೆ ಮೈದುನ ತೀರಿಕೊಂಡರು. ಓರಗಿತ್ತಿ ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಗೋಡೆ ನೋಡುತ್ತಾ ಕೂತಳು. "ಎದ್ದು ಬಾರೇ, ನಾಲ್ಕು ಜನರ ಮುಖ ನೋಡುವಿಯಂತೆ" ಎಂದು ಕೈಹಿಡಿದು ಕರೆತಂದವರು ಚಾಪೆಯಮ್ಮನೇ. "ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕ್ಕೊಂಡೆ" ಎನ್ನುತ್ತಾರೆ ಈಗ.

ಓರಗಿತ್ತಿಯ ಮೈ ಬೆತ್ತದಂತೆ ಬಾಗಿತು. ಮೂರೇ ತಿಂಗಳಲ್ಲಿ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದಳು. ಒಂದು ದಿನ ಯೋಗದ ಮೇಷ್ಟ್ರು ಎಲ್ಲರೆದುರು ಹೇಳಿಯೇಬಿಟ್ಟರು: "ಎಷ್ಟು ಶಾಂತ ಮುಖ ನೋಡಿ! ಮುಂದಿನ ತಿಂಗಳಿಂದ ಗಂಟೆ ಇವರೇ ಬಾರಿಸಲಿ. ಚಾಪೆಯಮ್ಮ, ನಿಮಗೂ ಒಂದು ಕೆಲಸ ಕಡಿಮೆ ಆಯ್ತು."

"ನಗುನಗುತ್ತಾ ತಲೆ ಆಡಿಸ್ದೆ. ಒಳಗೆ ಮೆಣಸಿನಕಾಯಿ ಅರೆದ ಹಾಗಿತ್ತು. ಹನ್ನೊಂದು ವರ್ಷ ನಾನು ಬಾರಿಸಿದ್ದು ಯಾರಿಗೂ ಕೇಳಿಸ್ಲೇ ಇಲ್ವಾ? ಗಂಡನ್ನ ಕಳ್ಕೊಂಡವಳ ಮೇಲೆ ಹೊಟ್ಟೆಕಿಚ್ಚು ಅಂದ್ರೆ ಜನ ಉಗೀತಾರೆ. ಯಾರ ಹತ್ರ ಹೇಳ್ಕೊಳ್ಳಿ?"

ಯಾರ ಹತ್ತಿರವೂ ಹೇಳಲಿಲ್ಲ. ಮರು ಭಾನುವಾರ ಓರಗಿತ್ತಿಯ ಚಾಪೆಯನ್ನು ಒಯ್ದು ಇಂಜಿನ್ ತಾತನ ಪಕ್ಕ ಹಾಸಿದರು.

"ಮುಂದೆ ಜಾಗ ಇಲ್ಲ ಕಣೇ, ಇವತ್ತೊಂದಿನ ಅಲ್ಲಿ ಹೋಗು ಅಂದೆ. ಸುಳ್ಳು. ಅವಳ ಶಾಂತ ಮುಖ ಹೇಗೆ ಹುಳ್ಳಗಾಗುತ್ತೆ ಅಂತ ಬಾಗಿಲಲ್ಲೇ ನಿಂತು ಕಾದೆ. ಬರ್ಕೊಳ್ಳಿ ಪರವಾಗಿಲ್ಲ, ಅವಳಿಗೂ ಗೊತ್ತು."

ಶವಾಸನ ಶುರುವಾಯಿತು. ತಾತನ ಇಂಜಿನ್ನೂ ಶುರುವಾಯಿತು. ಎರಡು ಸಾಲು ಮುಂದಿನವರೂ ಮುಖ ಕಿವಿಚಿದರು. ಓರಗಿತ್ತಿ ಮಾತ್ರ ಅಲುಗಲಿಲ್ಲ. ಯೋಗ ಮುಗಿಯಿತು, ಜನ ಎದ್ದರು, ತಾತನೂ ಎದ್ದು ಮನೆಗೆ ಹೋದರು. ಅವಳು ಏಳಲಿಲ್ಲ. ಬಾಯಿ ತುಸು ತೆರೆದು, ಮಗುವಿನ ಹಾಗೆ ನಿದ್ದೆ ಹೋಗಿದ್ದಳು. ಚಾಪೆಯಮ್ಮ ಇನ್ನೂರ ಮೂವತ್ತೊಂಬತ್ತು ಚಾಪೆಯನ್ನೂ ಸದ್ದಾಗದಂತೆ ಸುತ್ತಿಟ್ಟು, ಅವಳ ಪಕ್ಕ ಬರಿ ನೆಲದ ಮೇಲೆ ಕೂತರು.

ಬಿಸಿಲೇರಿದ ಮೇಲೆ ಅವಳಿಗೆ ಎಚ್ಚರವಾಯಿತು. "ಅಕ್ಕಾ, ನಿದ್ದೆ ಬಂತು ಕಣಕ್ಕಾ! ಅವರು ಹೋದಮೇಲೆ ಇವತ್ತೇ ಇಷ್ಟು ಬಂದಿದ್ದು. ಪಕ್ಕದಲ್ಲಿ ಅವರೇ ಮಲಗಿದ್ದ ಹಾಗಿತ್ತು."

ಚಾಪೆಯಮ್ಮ ದಂಗಾದರು. ಮೈದುನನ ಗೊರಕೆ ಗೋಡೆ ದಾಟಿ ಬರುತ್ತಿತ್ತು. ಮನೆಯವರೆಲ್ಲ ಅದನ್ನು ಆಡಿಕೊಂಡು ನಕ್ಕವರೇ. "ಗೊರಕೆ ಅಂದ್ರೆ ಕಾಟ ಅಂತಲೇ ತಿಳ್ಕೊಂಡಿದ್ದೆ. ಅದಿಲ್ದೆ ಒಬ್ಬಳಿಗೆ ನಿದ್ದೆ ಬರಲ್ಲ ಅಂತ ಹೊಳೀಲೇ ಇಲ್ಲ ನೋಡಿ."

ಅಲ್ಲೇ ತಪ್ಪೊಪ್ಪಿಕೊಂಡರು. "ಬೇಕಂತಲೇ ಹಾಕಿದ್ದು ಕಣೇ. ನಿನಗೆ ಕಾಟ ಆಗ್ಲಿ ಅಂತ."

"ಗೊತ್ತಿತ್ತು ಬಿಡಕ್ಕಾ. ಮುಂದಿನ ಸಾಲಲ್ಲಿ ನಾಲ್ಕು ಚಾಪೆ ಖಾಲಿ ಇದ್ವು, ನಾನೇನು ಕುರುಡಿಯಾ? ಮುಂದಿನ ವಾರವೂ ಅಲ್ಲೇ ಹಾಸು."

ಮೇಷ್ಟ್ರು ಮತ್ತೆ ಗಂಟೆಯ ಮಾತೆತ್ತಿದಾಗ ಅವಳೇ ಕೈಮುಗಿದಳು. "ಶವಾಸನದ ಹೊತ್ತಿಗೆ ವೇದಿಕೆ ಹತ್ತೋ ಕೆಲಸ ನನಗೆ ಬೇಡ ಮೇಷ್ಟ್ರೇ. ಅಕ್ಕನೇ ಬಾರಿಸ್ಲಿ. ನಂಗೆ ತಾತನ ಪಕ್ಕ ಜಾಗ ಇದ್ರೆ ಸಾಕು."

ಗಂಟೆ ಉಳಿಯಿತು. ಹೊಟ್ಟೆಕಿಚ್ಚು ಆರಿತೇ? ಚಾಪೆಯಮ್ಮ ಸುಳ್ಳು ಹೇಳುವವರಲ್ಲ. "ಅವಳು ಬಿಟ್ಟುಕೊಟ್ಟಳು ಅಂತ ಎಲ್ಲರೂ ಅವಳನ್ನೇ ಹೊಗಳಿದ್ರು. ನಾನು ಕೊಟ್ಟ ಶಿಕ್ಷೆಯೂ ಅವಳಿಗೇ ವರ ಆಯ್ತು. ಸ್ವಲ್ಪ ಉರೀದೇ ಇರುತ್ತಾ?"

ಈಗ ಓರಗಿತ್ತಿಯೂ ಐದು ಗಂಟೆಗೇ ಬಂದು ಚಾಪೆ ಹಾಸಲು ಕೈಜೋಡಿಸುತ್ತಾಳೆ. ಅವಳು ಒದ್ದ ಚಾಪೆ ಒಂದು ಎಡಕ್ಕೆ, ಒಂದು ಬಲಕ್ಕೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಸಾಲು ಹಾವು ಹರಿದಂತೆ. ಅವಳು ಇನ್ನಷ್ಟು ಸುರುಳಿ ತರಲು ಒಳಗೆ ಹೋದಾಗ ಚಾಪೆಯಮ್ಮ ಸಾಲಿನುದ್ದಕ್ಕೂ ನಡೆದು, ಪಾದದ ತುದಿಯಲ್ಲೇ ಒಂದೊಂದನ್ನೂ ನೇರ ಮಾಡುತ್ತಾರೆ. ಆಗ ಅವರ ಮುಖ ನೋಡಬೇಕು, ಎಷ್ಟು ಶಾಂತ!

ಆ ಒದೆಯ ಗುಟ್ಟನ್ನು ಅವಳಿಗೂ ಹೇಳಿಕೊಡಬಾರದೇ ಎಂದರೆ, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ.

"ಹೇಳ್ಕೊಡ್ತೀನಿ, ಹೇಳ್ಕೊಡ್ತೀನಿ. ಈ ವರ್ಷ ಬೇಡ."